ಲಾಲಪ್ಪ ಮುತ್ಯಾನ ರೀಡ್

ದೆವ್ವಗಳನ್ನು ನಾನು ನಂಬುವುದಿಲ್ಲ. ಇದು ಕಳೆದ ಡಿಸೆಂಬರಿನಲ್ಲಿ ನನ್ನ ಚಿಕ್ಕಪ್ಪನ ಮಗ ಸಮ್ಯಕನಿಗೆ ಆದದ್ದು. ಆದದ್ದನ್ನು ಹೇಳುತ್ತೇನೆ, ಅಷ್ಟೇ.

ರಾತ್ರಿ ಕೊನೆಯ ಬಸ್ಸಿಳಿದು ನಮ್ಮೂರು ಕೊಹಿನೂರಿನ ಹಳೇ ಬಾವಿ ದಾಟುತ್ತಿದ್ದ. ಹಿಂದಿನಿಂದ ಸದ್ದು. ಟಕ್... ಟಕ್. ಬೂಟಿನ ಹಿಮ್ಮಡಿ, ಎರಡೇ ಸಲ. ಸುಂಯ್ ಎಂದು ಒಳಗೆಳೆದ ಉಸಿರು... ಆಮೇಲೆ ಕ್ಲಾರ್ನೆಟ್.

ಅದನ್ನು ಅವನು ಅದೇ ಸಂಜೆ ಕೇಳಿದ್ದ. ನಾನೂ ಕೇಳಿದ್ದೆ. ಬಸವಕಲ್ಯಾಣದಲ್ಲಿ, ನಾವಿಬ್ಬರೂ ಪಾಠ ಮಾಡುವ ಕಾಲೇಜಿನ ಲೈಬ್ರರಿಯನ್ ಮೊಹಿನುದ್ದೀನರ ಮನೆಯಲ್ಲಿ. ಅವರಿಗೆ ಹಳೇ ಜಾಝ್ ರೆಕಾರ್ಡುಗಳ ಹುಚ್ಚು. ಅಂದು ಮುಂಬೈಯ ಹೋಟೆಲ್ ಬ್ಯಾಂಡೊಂದರ ರೆಕಾರ್ಡು ಹಾಕಿದರು, 1954ರದು. ನಡುವೆ ಎರಡು ಟಕ್, ಒಂದು ಉಸಿರು, ಕ್ಲಾರ್ನೆಟ್. ಕೂತಿದ್ದ ಮಾಸ್ತರರೆಲ್ಲ ತಲೆದೂಗಿದರು.

"ಲೇಬಲ್ ಮ್ಯಾಲ ಬ್ಯಾಂಡಿನ ಮಾಲಕನ ಹೆಸರಷ್ಟೇ ಅದ. ಊದಿದಾವ ಯಾರಂತ ಹತ್ತ ವರ್ಷದಿಂದ ಹುಡುಕಾಕತ್ತೇನಿ. ಯಾರಿಗರ ಗೊತ್ತದ ಏನ್ರಿ?" ಮೊಹಿನುದ್ದೀನರು ಪೆನ್ನು ಬಿಚ್ಚಿ ಕವರಿನ ಮೇಲೆ ಹಿಡಿದಿದ್ದರು.

ನಮ್ಮಿಬ್ಬರಿಗೆ ಗೊತ್ತಿತ್ತು. ನಮ್ಮ ಮುತ್ಯಾ, ಅಪ್ಪನ ಅಪ್ಪ ಲಾಲಪ್ಪ. ಊರ ಬಾವಿಕಟ್ಟೆಯ ಮೇಲೆ ಕೂತು ಊದುವಾಗಲೂ ಮೊದಲು ಎರಡು ಸಲ ಹಿಮ್ಮಡಿ ಕುಟ್ಟಿ ಹಾಗೇ ಉಸಿರೆಳೆಯುತ್ತಿದ್ದವನು. ಮುಂಬೈಯಿಂದ ಬಂದಮೇಲೆ ಹುಮನಾಬಾದಿನ ಮದುವೆ ಬ್ಯಾಂಡಿನಲ್ಲಿ ಕೆಂಪು ಕೋಟು ತೊಟ್ಟು ಊದಿದವನು. ಅದೇ ಮಾಸ್ತರರ ಮದುವೆಗಳಲ್ಲಿ ಊದಿ, ಊಟಕ್ಕೆ ಹಿತ್ತಲಲ್ಲಿ ಕೂತವನು.

"ಯಾರೋ ಗೋವಾದಾವ ಇರಬೇಕ್ರಿ," ಎಂದ ಸಮ್ಯಕ.

ನಾನು ಚಹಾ ಕುಡಿದೆ. ಅವರು 'ಗೋವಾ' ಎಂದು ಬರೆದುಕೊಂಡರು.

ಬಾವಿಯ ಹತ್ತಿರ ಕ್ಲಾರ್ನೆಟ್ ನಿಂತಿತು. ಕಿವಿಯ ಪಕ್ಕದಲ್ಲೇ ಪಿಸುದನಿ...

"ಗೋವಾದ ಮಂದಿ ಕೊಹಿನೂರ ಬಾವಿ ಮ್ಯಾಲ ಕೂತು ಊದ್ತಾರೇನೋ, ಮಾಸ್ತರಾ?"

"ತಪ್ಪಾತು ಮುತ್ಯಾ..."

"ನನಗ್ಯಾಕ ಹೇಳ್ತಿ? ಪೆನ್ನ ಹಿಡದಾವಗ ಹೇಳು."

ಬೆಳಿಗ್ಗೆ ಸಮ್ಯಕ ನನ್ನ ಬಾಗಿಲಲ್ಲಿದ್ದ. "ನಾಚಿಕಿ ಆದಾಗ ಕಿವ್ಯಾಗ ಏನೇನೋ ಕೇಳ್ತದ," ಎಂದೆ. ಆದರೂ ಇಬ್ಬರೂ ಹೋಗಿ ಹೇಳಿದೆವು. ಮೊಹಿನುದ್ದೀನರು 'ಗೋವಾ' ಹೊಡೆದುಹಾಕಿ ಹೆಸರು ಬರೆದರು, ಊರಿನ ಸಮೇತ. "ನಿನ್ನಿ ಯಾಕ ಹೇಳಲಿಲ್ರಿ?" ಎಂದು ಕೇಳಿದರು. ಕ್ಲಾರ್ನೆಟ್ಟನ್ನೊಮ್ಮೆ ನೋಡಬೇಕೆಂದರು. ಅವರನ್ನು ಕೊಹಿನೂರಿಗೆ ಕರೆತಂದೆವು.

ಬ್ಯಾಂಡಿನವರಲ್ಲಿ ಒಂದು ಪದ್ಧತಿ. ಊದುವವನು ಸತ್ತರೆ ಅವನ ರೀಡ್, ಅಂದರೆ ತುಟಿಗೆ ಹಿಡಿಯುವ ಆ ತೆಳು ಪಟ್ಟಿ, ಅವನ ಜೊತೆಗೇ ಹೋಗಬೇಕು. ಹನ್ನೆರಡು ವರ್ಷದ ಹಿಂದೆ, ಮಣ್ಣು ಮಾಡುವಾಗ, ಮುತ್ಯಾನ ಅಂಗಿ ಜೇಬಿಗೆ ಅದನ್ನು ಹಾಕಿದ್ದು ನಾನೇ. ಅಂದಿನಿಂದ ಕ್ಲಾರ್ನೆಟ್ ಊರ ಮನೆಯ ಗೋಡೆಯ ಮೇಲೆ ಬೋಳುಬಾಯಲ್ಲಿ ತೂಗುತ್ತಿತ್ತು.

ಗೋಡೆಯಿಂದ ಇಳಿಸಿದೆ. ಅದರ ಬಾಯಲ್ಲಿ ರೀಡ್ ಇತ್ತು.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಮುಟ್ಟಿದ ಬೆರಳು ನನ್ನದು... ರೀಡ್ ಒದ್ದೆಯಾಗಿತ್ತು.