ಗಾಡಿಯಿಂದ ಇಳಿಯದ ಸಾಹುಕಾರ

ಪ್ರೀತಿ ತೆಳ್ಳಗಾಗುತ್ತದೆ ಎಂದು ನಿನ್ನೆಯ ಪ್ರವಚನದಲ್ಲಿ ನಾನು ಹೇಳಿದೆ. ಆಗ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ಅಜ್ಜಾರ, ಪ್ರೀತಿ ಕಡಿಮಿ ಆಗೂದು ಗೊತ್ತೈತ್ರಿ. ತೆಳ್ಳಗಾಗೂದಂದ್ರ ಹೆಂಗ್ರಿ?" ಒಳ್ಳೆಯ ಪ್ರಶ್ನೆ. ಅದಕ್ಕೆ ಇವತ್ತು ಶಾಸ್ತ್ರ ಬೇಡ, ಒಂದು ಗಾಡಿಯ ಕಥೆ ಹೇಳುತ್ತೇನೆ. ನೋಡಿ, ಗಾಡಿ ಎಂದ ಕೂಡಲೇ ಹಿಂದೆ ಕಂಬಕ್ಕೆ ಒರಗಿದ್ದವರೆಲ್ಲ ನೆಟ್ಟಗೆ ಕೂತರು!

ಒಂದು ಊರು ಎಂದಿಟ್ಟುಕೊಳ್ಳಿ. ಹೆಸರು ಹೇಳುವುದಿಲ್ಲ. ಹೇಳಿದರೆ, ನಮ್ಮೂರಲ್ಲವಲ್ಲ ಎಂದು ನೀವು ಹಗುರಾಗಿಬಿಡುತ್ತೀರಿ. ಆ ಊರಲ್ಲಿ ಒಬ್ಬ ಬೆಲ್ಲದ ಸಾಹುಕಾರ. ದೇವರು ಅವನಿಗೆ ಕೈ ತುಂಬ ಕೊಟ್ಟಿದ್ದ. ಪೇಟೆಯ ಹತ್ತಿರ ಗೋದಾಮು, ಓಣಿಯಲ್ಲಿ ದೊಡ್ಡ ಮನೆ. ಆದರೆ ಆ ಮನೆಯಲ್ಲಿ ಇದ್ದವನು ಅವನೊಬ್ಬನೇ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಾಗಿರಲಿಲ್ಲ. ಸಂಜೆ ಬೀಗ ತೆಗೆದು ಒಳಗೆ ಹೋದರೆ, ಬೆಳಿಗ್ಗೆ ತಾನು ಕುಡಿದಿಟ್ಟ ಚಹಾದ ಕಪ್ಪು ಇಟ್ಟಲ್ಲೇ ಇರುತ್ತಿತ್ತು. ಅದನ್ನು ಎತ್ತಿಡುವವರಿಲ್ಲ, ಯಾಕೆ ಎತ್ತಿಡಲಿಲ್ಲ ಎಂದು ಬೈಯುವವರೂ ಇಲ್ಲ. ಬೈಯುವವರಿಲ್ಲದ ಮನೆಯಲ್ಲಿ ಊಟ ಮಾಡಿ ನೋಡಿ, ತುತ್ತು ಗಂಟಲಲ್ಲೇ ನಿಲ್ಲುತ್ತದೆ.

ಅವನು ಒಂದು ಹೊಸ ಟ್ರಕ್ಕು ಕೊಂಡ. ದೊಡ್ಡದಲ್ಲ, ಪೆಟ್ರೋಲ್ ಮೇಲೆ ಓಡುವ ಸಣ್ಣ ಟ್ರಕ್ಕು. ಬೆಲ್ಲ ಹೊರಲು ಕೊಂಡೆ ಎಂದು ಮಂದಿಗೆ ಹೇಳಿದ. ನಿಜವಾಗಿ ಕೊಂಡದ್ದು ಜೊತೆಗೊಂದು ಸದ್ದು ಇರಲಿ ಎಂದು. ಡ್ರೈವರನ್ನು ಇಡಲಿಲ್ಲ. ತಾನೇ ಓಡಿಸುವುದು, ಹೆಗಲ ಮೇಲಿನ ಟವೆಲ್ಲಿನಿಂದ ತಾನೇ ಒರೆಸುವುದು, ಗೇರು ಹಾಕುವಾಗ "ನಡಿಯಪಾ" ಎಂದು ಅದರ ಜೊತೆ ಮಾತಾಡುವುದು. ಆದರೆ ಊರು ಮಾತ್ರ ದಾಟಿಸುತ್ತಿರಲಿಲ್ಲ. ಹೊರಗೆ ರಸ್ತೆ ತುಂಬ ಗುಂಡಿ, ಹೊಸ ಗಾಡಿ ಹಾಳಾದೀತು! ಮನೆಯಿಂದ ಗೋದಾಮು, ಗೋದಾಮಿನಿಂದ ಪೇಟೆ, ಪೇಟೆಯಿಂದ ಮನೆ. ಇಂಜಿನ್ನಿನ ಮೈ ಕಾಯುವುದರೊಳಗೆ ಗಾಡಿ ನಿಂತೇಬಿಡುತ್ತಿತ್ತು.

ಅದೇ ಊರಲ್ಲಿ, ಪಕ್ಕದ ಓಣಿಯಲ್ಲೇ, ಅವನ ಅಕ್ಕ ಇದ್ದಳು. ತಾಯಿ ಹೋದ ಮೇಲೆ ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಗಂಡ ತೀರಿದ ಮೇಲೆ ಅವಳೂ ಒಬ್ಬಳೇ. ಸಾಹುಕಾರ ದಿನಾ ಬೆಳಿಗ್ಗೆ ಅವಳ ಬಾಗಿಲ ಮುಂದೆ ಗಾಡಿ ನಿಲ್ಲಿಸುತ್ತಿದ್ದ. ಒಂದು ದಿನವೂ ತಪ್ಪಿಸಿದವನಲ್ಲ, ಅದನ್ನು ಒಪ್ಪಲೇಬೇಕು. ಆದರೆ ನಿಲ್ಲಿಸುತ್ತಿದ್ದದ್ದು ಹೇಗೆ? ಇಂಜಿನ್ ಬಂದ್ ಮಾಡುತ್ತಿರಲಿಲ್ಲ. ಕೆಳಗೆ ಇಳಿಯುತ್ತಿರಲಿಲ್ಲ. ಕಿಟಕಿಯಿಂದಲೇ ಕೂಗುತ್ತಿದ್ದ.

"ಯಕ್ಕಾ, ಆರಾಮ ಅದೀಯೇನ?"

ಕಟ್ಟೆಯ ಮೇಲೆ ಕೂತ ಅಕ್ಕ ಹೇಳುತ್ತಿದ್ದಳು: "ಆರಾಮ ಅದೀನಪಾ."

ಗೇರು ಬಿತ್ತು, ಗಾಡಿ ಹೋಯಿತು. ಅಲ್ಲಿಗೆ ಅಕ್ಕ ತಮ್ಮನ ಋಣ ಅವತ್ತಿಗೆ ತೀರಿತು!

ಇನ್ನು ನಾಗರ ಪಂಚಮಿ. ಪಂಚಮಿ ಎಂದರೆ ಏನು ಎಂದು ನಿಮಗೆ ನಾನು ಹೇಳಬೇಕೇ? ತವರಿನವರು ಬಂದು, ಒಳಗೆ ಕೂತು, ನೀರು ಕುಡಿದು, "ನಡಿ ತಾಯಿ, ಹಬ್ಬಕ್ಕ" ಎಂದು ಹೆಣ್ಣುಮಗಳನ್ನು ಕರೆದೊಯ್ಯುವ ಹಬ್ಬ. ಆದರೆ ಸಾಹುಕಾರನ ಲೆಕ್ಕವೇ ಬೇರೆ. ಅಕ್ಕ ಇಲ್ಲೇ ಇದ್ದಾಳಲ್ಲ, ಕರೆಯುವುದೇನು? ಸೀರೆ ಮತ್ತು ಎಳ್ಳು-ಬೆಲ್ಲದ ಉಂಡಿಯ ಗಂಟನ್ನು ಕಿಟಕಿಯಿಂದಲೇ ಚಾಚುತ್ತಿದ್ದ. ಅವಳು ಹತ್ತಿರ ಬಂದು, ಕೈ ಮುಂದೆ ಮಾಡಿ, ತಡಕಾಡಿ ಹಿಡಿದುಕೊಳ್ಳುತ್ತಿದ್ದಳು. ಸಾಹುಕಾರ ಆಗಲೇ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡುತ್ತಿರುತ್ತಿದ್ದ.

ಈಗ ಎಣ್ಣೆಯ ವಿಷಯಕ್ಕೆ ಬರುತ್ತೇನೆ. ಗಾಡಿ ಇಲ್ಲದವರೂ ಕೇಳಿ. ಇಂಜಿನ್ನಿನ ಒಳಗೆ ಆಯಿಲ್ ಎಂಬ ಒಂದು ಎಣ್ಣೆ ಇರುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಿಕ್ಕದ ಹಾಗೆ ನಡುವೆ ನಿಂತು ಕಾಯುವುದು ಅದೇ. ಅದು ಎಷ್ಟಿದೆ ಎಂದು ನೋಡಲು ಒಂದು ಉದ್ದನೆಯ ಕಡ್ಡಿ, ಕಡ್ಡಿಯ ಮೇಲೆ ಗುರುತು. ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಎಲ್ಲ ಗಾಡಿಗೂ ಪೂಜೆ ತಾನೇ? ಸಾಹುಕಾರನೂ ಅಮಾವಾಸ್ಯೆಗೆ ಗಾಡಿ ತೊಳೆದು, ವಿಭೂತಿ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕೊನೆಗೆ ಆ ಕಡ್ಡಿ ಎಳೆದು ನೋಡುತ್ತಿದ್ದ. ಒಂದು ಅಮಾವಾಸ್ಯೆ ನೋಡುತ್ತಾನೆ, ಎಣ್ಣೆ ಗುರುತಿಗಿಂತ ಮೇಲೆ ಬಂದಿದೆ! ಮುಂದಿನ ಅಮಾವಾಸ್ಯೆಗೆ ಇನ್ನೂ ಮೇಲೆ!

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಅವನು ಕಡ್ಡಿಯನ್ನು ಕಣ್ಣಿಗೆ ಒತ್ತಿಕೊಂಡ. ಕಾಯಿ ಒಡೆಸಿದ. ಓಣಿಯ ಮಂದಿ ನೋಡಲು ಬಂದರು. "ಸಾಹುಕಾರ್ರ, ಮಂದಿ ಗಾಡಿ ಎಣ್ಣಿ ಕುಡಿತಾವ, ನಿಮ್ಮ ಗಾಡಿ ಎಣ್ಣಿ ಕೊಡ್ತೈತಲ್ರೀ! ದೈವ ಒಲದೈತ್ರಿ ನಿಮಗ" ಎಂದರು. ಸಾಹುಕಾರ ತಾನೇ ಓಡಿ ಹೋಗಿ ಎಲ್ಲರಿಗೂ ಚಹಾ ಮಾಡಿದ. ಎಷ್ಟೋ ಕಾಲದ ಮೇಲೆ ಆ ಮನೆಯ ಕಪ್ಪುಗಳೆಲ್ಲ ಕೆಳಗಿಳಿದಿದ್ದವು. ಬೆರಳಿಗೆ ಅಂಟಿದ ಎಣ್ಣೆ ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು, ಅವನಿಗೆ ಅದು ಗೊತ್ತಾಗಲಿಲ್ಲ ಎನ್ನಬೇಡಿ. ಗೊತ್ತಾಯಿತು. ಆದರೆ ಅದನ್ನು ಯಾರಿಗಾದರೂ ಹೇಳಿದರೆ ಮುಂದಿನ ಅಮಾವಾಸ್ಯೆಗೆ ಬಾಗಿಲಿಗೆ ಯಾರು ಬರುತ್ತಾರೆ? ಪಾಪ, ಬೆರಳನ್ನು ಟವೆಲ್ಲಿಗೆ ಒರೆಸಿಕೊಂಡು ಸುಮ್ಮನಾದ. ಎಣ್ಣೆ ಬದಲಿಸುವ ಹೊತ್ತಾಯಿತು ಎಂದು ಗ್ಯಾರೇಜಿನವರು ಫೋನ್ ಮಾಡಿದಾಗಲೂ ನಕ್ಕು, "ತುಂಬಿ ಮ್ಯಾಲ ಬಂದದ್ದನ್ನ ಯಾಕ ತಗೀಬೇಕ್ರಿ?" ಎಂದುಬಿಟ್ಟ.

ಹೀಗಿರುವಾಗ, ಮುಂಗಾರಿನ ಒಂದು ಬೆಳಿಗ್ಗೆ, ಅಕ್ಕನ ಬಾಗಿಲಲ್ಲಿ ಎಂದಿನಂತೆ "ಆರಾಮ ಅದೀಯೇನ?" ಎಂದ. ಆದರೆ ಅಕ್ಕ ಕಿವಿಯನ್ನು ಗಾಡಿಯ ಕಡೆ ತಿರುಗಿಸಿ ಕೂತಿದ್ದಳು.

"ತಮ್ಮಾ, ನಿನ್ನ ಗಾಡಿ ಸಪ್ಪಳ ಬ್ಯಾರೆ ಆಗೇತಿ. ಮೊದಲ ಹಿಂಗ ಇದ್ದಿಲ್ಲ. ಒಳಗ ಏನೋ ಬಡಿಯಾಕ ಹತ್ತೈತಿ."

"ನಿನಗೇನ ತಿಳೀತದಕ್ಕಾ ಗಾಡಿ ವಿಷಯ?"

"ಗಾಡಿ ತಿಳಿಯಂಗಿಲ್ಲಪಾ. ನಿನ್ನ ಸಪ್ಪಳ ತಿಳೀತದ."

ಸಾಹುಕಾರ ಕಿವಿಗೊಟ್ಟು ಕೇಳಿದ. ಹೌದು, ಟಕ್ ಟಕ್ ಎಂದು ಬಡಿಯುತ್ತಿದೆ. ಇದ್ದ ಒಂದು ಜೊತೆಯೂ ಹೋದರೆ? ನೇರ ಗ್ಯಾರೇಜಿಗೆ ಹೋದ.

ಗ್ಯಾರೇಜಿನವನು ಕಡ್ಡಿ ಎಳೆದ, ಮೂಸಿ ನೋಡಿದ, ಕೆಳಗಿನ ಬೋಲ್ಟು ಬಿಚ್ಚಿ ಎಣ್ಣೆಯನ್ನು ಡಬ್ಬಿಗೆ ಇಳಿಸಿದ. ಎಳೆ ಎಳೆಯಾಗಿ ಬೀಳಬೇಕಾದ ಎಣ್ಣೆ ತಿಳಿಸಾರಿನಂತೆ ಸುರಿಯಿತು.

"ಎಣ್ಣಿ ಹೆಚ್ಚಾಗಿಲ್ರಿ ಸಾಹುಕಾರ್ರ, ಪೆಟ್ರೋಲ್ ಇಳದು ತೆಳ್ಳಗಾಗೇತಿ. ತಣ್ಣಗಿದ್ದ ಇಂಜಿನ್ನದಾಗ ಪೆಟ್ರೋಲ್ ಪೂರಾ ಸುಡಂಗಿಲ್ಲ, ಉಳಿದದ್ದು ಎಣ್ಣಿಗೆ ಸೇರ್ತದ. ಇಂಜಿನ್ ಛಲೋ ಕಾದು ಅಷ್ಟು ದೂರ ಓಡಿದ್ರ ಅದು ಆವಿಯಾಗಿ ಹೋಗಿಬಿಡ್ತದ. ನೀವು ಕಾಯಾಕ ಬಿಟ್ಟರ ತಾನ? ಚಾಲೂ ಮಾಡೂದು, ಬಂದ್ ಮಾಡೂದು."

"ಈಗ ಸರಿ ಆಗ್ತೈತೇನು?"

"ಹೊಸಾ ಎಣ್ಣಿ ಹಾಕ್ತೀನಿ. ಒಳಗ ಸವದದ್ದು ಸವದಂಗ, ಅದು ತಿರುಗಿ ಬರಂಗಿಲ್ರಿ. ಉಳದದ್ದನ್ನ ಉಳಿಸ್ಕೋಬಹುದು. ಇನ್ನ ಮ್ಯಾಲ ಆಗಾಗ ದೂರ ಹೊಡಕೊಂಡ ಹೋಗ್ರಿ. ಮೈ ಕಾಯಬೇಕು ಅದಕ್ಕ."

"ದೂರ ಅಂದ್ರ ಎಲ್ಲಿಗೆ?"

"ಎಲ್ಲಿಗರ ಹೋಗ್ರಿ! ನಿಮ್ಮವರು ಯಾರರ ಇರ್ತಾರಲ್ಲ."

ಗ್ಯಾರೇಜಿನವನು ಅಷ್ಟು ಹೇಳಿ ತನ್ನ ಕೆಲಸಕ್ಕೆ ತಿರುಗಿದ. ಸಾಹುಕಾರ ಕೀಲಿ ಹಿಡಿದುಕೊಂಡು ನಿಂತೇ ಇದ್ದ. ಎಲ್ಲಿಗೆ? ಊರೂರಿಗೆ ಬೆಲ್ಲ ಕಳಿಸಿದ್ದ, ಯಾವ ಊರಲ್ಲೂ ಬಂದು ಊಟಕ್ಕೆ ಕೂಡು ಎನ್ನುವ ಒಂದು ಬಾಗಿಲು ನೆನಪಾಗಲಿಲ್ಲ. ಶರಣರೇ, ಬಡವನಿಗೂ ಆ ಗತಿ ಬರಬಾರದು. ಹೋಗಲು ಗಾಡಿ ಇದೆ, ಹೋಗುವುದಕ್ಕೆ ಜಾಗವಿಲ್ಲ.

ಕೊನೆಗೆ ಅವನು ಎಲ್ಲಿಗೆ ಹೋದ ಗೊತ್ತೇ? ಪಕ್ಕದ ಓಣಿಗೆ. "ಯಕ್ಕಾ, ಗಾಡಿ ದೂರ ಓಡಿಸಬೇಕಂತ. ಒಬ್ಬನ ಹೋಗಾಕ ಬ್ಯಾಸರ. ಬರ್ತಿಯೇನ?" ಎಂದ. ಅವಳು ಸೆರಗು ಹೊದ್ದು ಎದ್ದೇಬಿಟ್ಟಳು. ಎಲ್ಲಿಗೆ ಎಂದು ಕೂಡ ಕೇಳಲಿಲ್ಲ. ಗಾಡಿ ಹತ್ತುವಾಗ ಅವಳ ಪಾದ ಮೆಟ್ಟಿಲು ಸಿಗದೆ ಒದ್ದಾಡಿತು. ವಯಸ್ಸಾಯಿತು ಎಂದುಕೊಂಡ ಸಾಹುಕಾರ, ಕೂತಲ್ಲಿಂದಲೇ.

ಊರು ದಾಟುವವರೆಗೆ ಇಬ್ಬರಿಗೂ ಮಾತು ಸಿಗಲಿಲ್ಲ. ಮಳೆ ಹೇಗಿದೆ ಎಂದರು, ಮಳೆ ಮುಗಿಯಿತು. ಬೆಲ್ಲ ಹೇಗಿದೆ ಎಂದರು, ಬೆಲ್ಲವೂ ಮುಗಿಯಿತು. ಎಷ್ಟೋ ವರ್ಷ ಒಂದೊಂದೇ ಮಾತಾಡಿದವರಿಗೆ ಎರಡನೆಯ ಮಾತು ಎಲ್ಲಿಂದ ಬರಬೇಕು? ಹೊಲಗಳು ಬಂದವು, ಹಳ್ಳದ ಸೇತುವೆ ಬಂತು. ಇಂಜಿನ್ ಕಾದು ಒಂದೇ ಹದದಲ್ಲಿ ಓಡತೊಡಗಿತು. ಆಗ ಅಕ್ಕ ಸಣ್ಣ ದನಿಯಲ್ಲಿ ಕೇಳಿದಳು:

"ಈಗ ಯಾವ ಊರು ಬಂತೋ?"

"ಮುಂದ ಬೋರ್ಡ್ ಐತಲ್ಲಕ್ಕಾ, ಇಷ್ಟ ದೊಡ್ಡದು. ನೀನ ಓದು. ನನಗ ಅಕ್ಷರಾ ಕಲಿಸಿದಾಕಿ ನೀನ ಅಲ್ಲೇನು?"

ಬೋರ್ಡು ಹಿಂದೆ ಹೋಯಿತು. ಮತ್ತೊಂದಿಷ್ಟು ದೂರ ಹೋದ ಮೇಲೆ ಅಕ್ಕ ಹೇಳಿದಳು.

"ನನಗ ಕಣ್ಣ ಕಾಣಂಗಿಲ್ಲೋ ತಮ್ಮಾ. ಒಂದು ಪೂರಾ ಹೋಗೇತಿ. ಇನ್ನೊಂದು ಮಂಜು ಮಂಜು. ನೀ ಬಂದದ್ದು ಗಾಡಿ ಸಪ್ಪಳದ ಮ್ಯಾಲ ತಿಳ್ಕೋತಿದ್ದೆ. ನಿನ್ನ ಮಾರಿ ನೋಡಿ ಎಷ್ಟ ದಿವಸ ಆತೋ."

ಸಾಹುಕಾರ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಇಂಜಿನ್ ಬಂದ್ ಮಾಡಿದ. ಕೆಳಗೆ ಇಳಿದು, ಸುತ್ತಿ ಬಂದು, ಅವಳ ಬಾಗಿಲು ತೆಗೆದು, ಅವಳ ಮುಖವನ್ನು ನೋಡಿದ. ದಿನಾ ನೋಡುತ್ತಿದ್ದ ಮುಖ! ಒಂದು ಕಣ್ಣಿನ ಗುಡ್ಡೆ ಬೆಳ್ಳಗಾಗಿತ್ತು. ಅವನು ದುಃಖ ತಡೆಯಲಾರದೆ ಅತ್ತ.

"ಮೊದಲ ಹೇಳಬಾರದೇನಕ್ಕಾ?"

"ಯಾವಾಗ ಹೇಳ್ಲಿ? ಆರಾಮ ಅನ್ನಾಕ ಹೊತ್ತು ಬೇಕಾಗಿಲ್ಲಪಾ. ಆರಾಮ ಇಲ್ಲ ಅನ್ನಾಕ ಹೊತ್ತು ಬೇಕು. ನೀ ಇಳದಿದ್ರ ಹೇಳ್ತಿದ್ದೆ."

ಆಮೇಲೆ ಅವನು ಅವಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದ. ಮಂಜಾಗಿದ್ದ ಕಣ್ಣು ಉಳಿಯಿತು. ಹೋದ ಕಣ್ಣು ಬರಲಿಲ್ಲ. ಆ ವರ್ಷ ಪಂಚಮಿಗೆ ಅವನ ಮನೆಯ ತೊಲೆಗೆ ಹಬ್ಬದ ಜೋಕಾಲಿ ಕಟ್ಟಿದ್ದು ನಿಜ, ಅಕ್ಕ ಅದರಲ್ಲಿ ಕೂತದ್ದೂ ನಿಜ. ಆದರೆ ಅವಳಿಗೆ ಒಂದು ಕಡೆಯಿಂದ ಮಾತ್ರ ತಮ್ಮ ಕಾಣುತ್ತಿದ್ದ. ಸಾಹುಕಾರ ಆ ಕಡೆಗೇ ನಿಂತು ತೂಗಿದ.

ನಿನ್ನೆ ಕೇಳಿದ ತಾಯಿ ಎಲ್ಲಿದ್ದೀರಿ? ತೆಳ್ಳಗಾಗುವುದು ಎಂದರೆ ಇದು. ಪ್ರೀತಿ ಗುರುತಿಗಿಂತ ಮೇಲೇ ಇರುತ್ತದೆ. ದಿನಾ ಫೋನು, ದಿನಾ ನಮಸ್ಕಾರ, ಹಬ್ಬಕ್ಕೆ ಸೀರೆ, ಎಲ್ಲ ತುಂಬಿ ತುಳುಕುತ್ತದೆ. ನೋಡಿದವರು ಭೇಷ್ ಎನ್ನುತ್ತಾರೆ. ಒಳಗೆ ಮಾತ್ರ ತಿಕ್ಕಿ ತಿಕ್ಕಿ ಸವೆಯುತ್ತಿರುತ್ತದೆ. ನಿಮಗೂ ಬೆರಳಿನ ವಾಸನೆ ಗೊತ್ತಿದೆ. ಗೊತ್ತಿಲ್ಲ ಎಂದು ಮಠದಲ್ಲಿ ಕೂತು ಸುಳ್ಳು ಹೇಳಬೇಡಿ!

ನಾಡಿದ್ದು ಪಂಚಮಿ. ಉಂಡಿಯ ಡಬ್ಬಿಯನ್ನು ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಬೇಡಿ. ಬೈಕಿನ ಮೇಲೆ ಕೂತೇ ಬಾಗಿಲಲ್ಲಿ ಚಾಚಬೇಡಿ. ಕೀಲಿ ತಿರುಗಿಸಿ ಬಂದ್ ಮಾಡಿ. ಇಳಿಯಿರಿ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ನೆಲದ ಮೇಲೆ ಕೂತುಕೊಳ್ಳಿ. ನೀವು "ಆರಾಮ?" ಎನ್ನುತ್ತೀರಿ, ಅವರು "ಆರಾಮ" ಎನ್ನುತ್ತಾರೆ. ಆಗ ಏಳಬೇಡಿ. ಮಾತು ಸಿಗದಿದ್ದರೂ ಕೂತಿರಿ, ಕೊಟ್ಟ ಚಹಾ ತಣ್ಣಗಾಗಲಿ. ಹಬ್ಬಕ್ಕಷ್ಟೇ ಅಲ್ಲ, ನಿಮ್ಮ ಮನೆಯೊಳಗೇ ಪಕ್ಕದ ಕೋಣೆಯಲ್ಲಿ ಇರುವವರ ಹತ್ತಿರವೂ ಹೀಗೇ ಕೂಡ್ರಿ. ಇನ್ನೊಂದು ಸ್ವಲ್ಪ ಹೊತ್ತಿಗೆ ಅವರು ನಿಮ್ಮ ಪ್ರಶ್ನೆಗೆ ಎರಡನೆಯ ಸಲ ಉತ್ತರ ಕೊಡುತ್ತಾರೆ. ಅವತ್ತು ನೀವು ಹೋದದ್ದು ಆ ಉತ್ತರಕ್ಕೆ.

ಈಗ ಮಂಗಳಾರತಿ. ಅಲ್ಲಿ ಹಿಂದೆ ಯಾರೋ ಆಗಲೇ ಬೈಕಿನ ಕೀಲಿ ಕೈಗೆ ತೆಗೆದುಕೊಂಡ ಸದ್ದು ಕೇಳಿಸಿತು. ಜೇಬಿಗೆ ಹಾಕಪ್ಪಾ ಅದನ್ನು. ಪಕ್ಕದಲ್ಲಿ ಕೂತವರ ಮುಖವನ್ನು ಒಮ್ಮೆ ನೋಡು.