ಒಂದನೇ ನಂಬರಿನ ಅಂಗಿ

...ನಗಬೇಡ ಕಣೇ, ನಿಜ! ಸೋಪಿನ ಕಾರ್ಖಾನೆ ಟೀಮು, ಗೋಲ್‌ಕೀಪರ್ ಅಂಗಿಗೆ ಮಾತ್ರ ಸೋಪು ಸೋಕಬಾರದು! ಗೆಲ್ತಾ ಇರೋವರೆಗೂ ಒಗೆಯೋ ಹಾಗಿಲ್ಲ, ಅದೃಷ್ಟ ಹೋಗುತ್ತೆ ಅಂತ ಕ್ಯಾಪ್ಟನ್ ಕಟ್ಟಪ್ಪಣೆ. ನಿಮ್ಮಪ್ಪ ಗೋಲ್‌ಕೀಪರ್, ಈ ನಿಮ್ಮತ್ತೆ ಟೀಮಿನ ಬಟ್ಟೆ ಒಗೆಯೋಳು. ಮಿಕ್ಕ ಹತ್ತು ಅಂಗಿ ಹಂಡೇಲಿ ಕುದಿಸ್ತಿದ್ದೆ. ನನ್ನ ತಮ್ಮಂದು ಒಂದನೇ ನಂಬರು... ಅದನ್ನ ಹಾಗೇ ಹಗ್ಗಕ್ಕೆ ಹಾಕ್ತಿದ್ದೆ. ಆ ನಾತ! ಬೀದಿನಾಯಿ ಕೂಡ ಸುತ್ತು ಹಾಕ್ಕೊಂಡು ಹೋಗ್ತಿತ್ತು.

ಬಟಾಣಿ ಬಿಡಿಸ್ತಾನೇ ಕೇಳು, ನರ್ಸಮ್ಮ. ಅಪ್ಪನ ಕಥೆ ಕೇಳೋಕೆ ತಾನೆ ಇಷ್ಟು ದೂರ ಬಂದಿದ್ದು?

ಮೊದಲು ಬಂದರಿನವರು... ಎರಡು ಸೊನ್ನೆ. ಆಮೇಲೆ ಪೊಲೀಸರು. ಅಯ್ಯೋ, ಅವರು ಚೆಂಡಿಗಿಂತ ಕಾಲಿಗೆ ಒದ್ದಿದ್ದೇ ಜಾಸ್ತಿ! ಅದೂ ಗೆದ್ವಿ. ಸೆಮಿಫೈನಲ್ಲು ಕಾಗದದ ಗಿರಣಿಯವರ ಮೇಲೆ. ಅವರ ಉದ್ದನೆ ಹುಡುಗನ ಬೂಟು ನಿಮ್ಮಪ್ಪನ ಕಿವಿ ಹತ್ರ ತಾಗ್ತು. ತಾಗಿದ್ದು, ಅಷ್ಟೇ. ಎದ್ದ, ತಲೆ ಕೊಡವಿದ, ಎರಡು ಪೆನಾಲ್ಟಿ ಹಿಡಿದ! ಹೆಗಲ ಮೇಲೆ ಹೊತ್ಕೊಂಡು ಮೆರೆಸಿದ್ರು.

ಇನ್ನೊಂದೇ ಆಟ. ಕಪ್ ಗೆದ್ದರೆ ಹನ್ನೊಂದು ಜನಕ್ಕೂ ಖಾಯಂ ಕೆಲಸ, ಕ್ವಾರ್ಟರ್ಸು. ನಾವು ಮೂವರು ಒಂದೇ ಕೋಣೇಲಿ... ನೀನು ನಿಮ್ಮಮ್ಮನ ಹೊಟ್ಟೇಲಿ, ಏಳು ತಿಂಗಳು.

ಫೈನಲ್ ದಿನ ಬೆಳಿಗ್ಗೆ ಆ ಅಂಗಿ ಒಗೆದುಬಿಟ್ಟೆ. ಹೂಂ, ನಾನೇ. ಯಾರ ಹತ್ರಾನೂ ಮುಚ್ಚಿಟ್ಟಿಲ್ಲ. ನಾತ ತಡೆಯೋಕಾಗಲಿಲ್ಲ, ಒಗೆದೆ ಅಂದೆ. ಮೋಡ ಬೇರೆ. ಮೂರು ಸಲ ಬಂದು ಕೇಳಿದ, "ಒಣಗಿತಾ ಅಕ್ಕಾ?" ಕೊನೆಗೆ ಹಸೀದೇ ಹಾಕ್ಕೊಂಡು ಹೋದ.

ಎರಡನೇ ಹಾಫು. ಚೆಂಡು ಆ ಕಡೆ ಗೋಲಿನ ಹತ್ರ ಇತ್ತು. ಎಲ್ಲರೂ ಆ ಕಡೆ ನೋಡ್ತಿದ್ರು, ನಾನೊಬ್ಬಳೇ ಈ ಕಡೆ. ನಿಮ್ಮಪ್ಪ ಗೋಲಿನ ಕಂಬ ಹಿಡ್ಕೊಂಡು ಮೆಲ್ಲಗೆ ಕೂತ. ಯಾರೂ ಮುಟ್ಟಿರಲಿಲ್ಲ. ಕೂತೋನು... ಏಳಲೇ ಇಲ್ಲ.

ಅಕ್ಕ ಅದೃಷ್ಟ ತೊಳೆದುಬಿಟ್ಟಳು ಅಂತ ಆಡಿಕೊಂಡ್ರು. ಆಡಿಕೊಳ್ಳಲಿ ಅಂತ ಬಿಟ್ಟೆ. ಊರೂ ಬಿಟ್ಟೆ. ಇಲ್ಲಿಗೂ ಬರ್ತಾನೆ, ಮಧ್ಯಾಹ್ನದ ಹೊತ್ತು. ಬಟ್ಟೆ ಹಿಂಡ್ತಿದ್ರೆ ಬೆನ್ನ ಹಿಂದೆ, "ಒಣಗಿತಾ ಅಕ್ಕಾ?" ಈ ಮನೇಲಿ ಎಲ್ಲಾದ್ರೂ ಹಗ್ಗ ನೋಡಿದೀಯಾ? ಕಟ್ಟಿಲ್ಲ. ಕುರ್ಚಿ ಬೆನ್ನಿಗೇ ಹರವ್ತೀನಿ.

ಕಥೆ ಇಲ್ಲಿಗೆ ಬಂದಾಗ ಎಲ್ಲರೂ ಸಮಾಧಾನ ಹೇಳ್ತಾರೆ, "ಅಂಗಿ ಒಗೆದ್ರೆ ಯಾರಾದ್ರೂ ಸಾಯ್ತಾರಾ, ಹುಚ್ಚಿ" ಅಂತ. ನೀನೂ ಹೇಳು.

ಹೇಳೇ.

ಚೆನ್ನಾಗೇ ಒಗೆದಿದ್ದೆ ಕಣೇ. ಕಾಲರನ್ನಂತೂ ಮೂರು ಸಲ, ತಣ್ಣೀರಲ್ಲಿ ನೆನೆಸಿ...

ಯಾಕೆ ಕೈ ನಿಲ್ಲಿಸಿದೆ?

ಇತ್ತು, ಹಂಡೇಲಿ ಬಿಸಿನೀರು ಇತ್ತು. ಬೆವರಿಗೆ ಬಿಸಿನೀರೇ... ಹಾಗೆ ನೋಡಬೇಡ! ದಿನಾ ಆಸ್ಪತ್ರೆ ಬಟ್ಟೆ ನೋಡೋಳು ನೀನು. ಯಾವ ಕಲೆಗೆ ಬಿಸಿನೀರು ಹಾಕಿದ್ರೆ ಕಚ್ಚಿಕೊಂಡುಬಿಡುತ್ತೆ ಅಂತ ನಿನಗೆ... ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ನೀನೂ ಕೇಳಲಿಲ್ಲ, ನಾನೇ ಅಂದುಬಿಟ್ಟೆ.

ಸ್ವಲ್ಪಾನೇ ರಕ್ತ. ಆವತ್ತು ಬೆಳಿಗ್ಗೆ ಅಂಗಿ ಹಾಕ್ಕೊಂಡು ಬೂಟು ಕಟ್ಟೋಕೆ ಬಗ್ಗಿದ, ಕಿವಿಯಿಂದ ಬಂತು. "ಅಕ್ಕಾ, ಮೂರು ದಿನದಿಂದ ತಲೆ ಸಿಡೀತಿದೆ. ಮ್ಯಾನೇಜರಿಗೆ ಹೇಳಿಬಿಡಲಾ?" ಅಂದ. ನನ್ನ ಮುಖಾನೇ ನೋಡ್ತಿದ್ದ. ಚಿಕ್ಕೋನಾಗಿದ್ದಾಗ ಬಿದ್ದು ಬಂದರೆ ನೋಡ್ತಿದ್ನಲ್ಲ, ಹಾಗೇ. ನಾನು... "ಬಿಚ್ಚೋ ಅಂಗಿ" ಅಂದೆ. "ಒಂದೇ ಆಟ ಕಣೋ" ಅಂದೆ.

ಎದ್ದೆ ಯಾಕೆ? ಕೂತ್ಕೋ. ಬೈಯಿ, ಮಗಳೇ. ಏನಾದ್ರೂ ಅನ್ನು... ನೀನು ಸುಮ್ಮನಾದ್ರೆ ಅವನ ದನಿ ಕೇಳುತ್ತೆ ಕಣೇ.