ನಲ್ಲಪ್ಪನವರ ಊರಿನಲ್ಲಿ ಮಕ್ಕಳು ಎಲ್ಲಿದ್ದರು?

ಅಧ್ಯಕ್ಷರ ಕುರ್ಚಿಯಲ್ಲಿರುವ, ಈ ಸಭೆಗೆ ತಮ್ಮ ಶೆಡ್ಡನ್ನೇ ಗುಡಿಸಿ ಬಿಟ್ಟುಕೊಟ್ಟಿರುವ ಹನುಮಯ್ಯನವರೇ, ಹಾರದ ಭಾರಕ್ಕೆ ತಲೆ ತಗ್ಗಿಸಿ ಕುಳಿತಿರುವ ಇಂದಿನ ಸನ್ಮಾನಿತರಾದ ನಲ್ಲಪ್ಪನವರೇ, ಭಾನುವಾರದ ನಿದ್ದೆ ಬಿಟ್ಟು ಬಂದ ರಾಜಗೋಪಾಲನಗರದ ಸಭಿಕರೇ,

‘ಊರು ಕಣ್ಣಿಗೆ ಬೀಳುವ ಮೊದಲೇ ಮಕ್ಕಳ ಕೂಗು ಕಿವಿಗೆ ಬೀಳುತ್ತದೆ.’ ಇಂಥದೊಂದು ಸಾಲು ಎರಡು ದಿನದಿಂದ ನನ್ನ ತಲೆಯಲ್ಲಿ ಸುತ್ತುತ್ತಿದೆ. ಎಂ.ಎ. ಓದುವಾಗ ಹಾಸ್ಟೆಲಿನ ಗೋಡೆ ಪತ್ರಿಕೆಯಲ್ಲಿ ಯಾರೋ ಬರೆದದ್ದು. ಕೂಗು ಎಂದಿತ್ತೋ ನಗು ಎಂದಿತ್ತೋ ನೆನಪಿಲ್ಲ. ಬರೆದವಳ ಹೆಸರೂ ನೆನಪಿಲ್ಲ. ಆದರೆ ಆ ಸಾಲು ನಿಜವೇ? ೨೦೦೪ರಲ್ಲಿ ನಾನು ಈ ಬೀದಿಗೆ ಬಂದಾಗ ಮೊದಲು ಕೇಳಿಸಿದ್ದು ಪವರ್ ಪ್ರೆಸ್ಸಿನ ಸದ್ದು. ಆಮೇಲೆ ಲಾರಿಯ ಹಾರ್ನು. ಮಕ್ಕಳಿರಲಿಲ್ಲವೇ? ಇದ್ದರು. ಎಲ್ಲಿದ್ದರು ಎಂಬುದೇ ನನ್ನ ಇಂದಿನ ಮಾತು.

ನಲ್ಲಪ್ಪನವರು ನಾಳೆ ಮಾಲೂರಿಗೆ ಹೊರಡುತ್ತಿದ್ದಾರೆ. ಅವರು ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಅಚ್ಚು ಕೊರೆದದ್ದನ್ನು ನನಗಿಂತ ಮೊದಲು ಮಾತನಾಡಿದವರು ಹೇಳಿದ್ದಾರೆ. ನಾನು ಹೇಳಬೇಕಾದದ್ದು ಇದೇ ಶೆಡ್ಡಿನಲ್ಲಿ ನಡೆಯುವ ಶನಿವಾರದ ಆಟದ ವಿಷಯ. ೨೦೦೬ರಲ್ಲಿ ಯಾವುದೋ ದೇಶದ ಆಟಿಕೆ ಕಂಪನಿಯೊಂದು ದಾಳದ ಅಚ್ಚಿಗೆ ಆರ್ಡರ್ ಕೊಟ್ಟು, ಒಂದು ಇಂಗ್ಲಿಷ್ ಪುಸ್ತಕವನ್ನೂ ಕಳಿಸಿ, ಆಮೇಲೆ ಆರ್ಡರನ್ನೇ ರದ್ದು ಮಾಡಿತು. ಪುಸ್ತಕ ಇವರ ಬಳಿ ಉಳಿಯಿತು. ನೇರವಾಗಿ ನಮ್ಮ ಮನೆಗೆ ಬಂದರು. “ಮೇಡಂ, ನೀವು ಓದಿರೋರು. ಇದೇನು ಅಂತ ನೋಡಿ. ಒಬ್ಬ ಮಂತ್ರವಾದಿಯಂತೆ, ಒಬ್ಬ ಕಳ್ಳನಂತೆ, ಎಲ್ರೂ ಸೇರ್ಕೊಂಡು ಒಂದು ಕತೆಯೊಳಗೆ ಓಗೋದಂತೆ. ಇಂಗೂ ಒಂದು ಆಟ ಐತಾ?”

ಇತ್ತು. ಒಬ್ಬರು, ನಮ್ಮಲ್ಲಿ ನಲ್ಲಪ್ಪನವರೇ, ಕತೆ ಹೇಳುತ್ತಾರೆ, ಉಳಿದವರು ಅದರೊಳಗೆ ವೇಷ ತೊಟ್ಟು ನಡೆಯುತ್ತಾರೆ, ಗೆಲುವು ಸೋಲನ್ನು ದಾಳ ಹೇಳುತ್ತದೆ. ನಾನು ನಿಯಮಗಳನ್ನು ಇನ್ನೂರು ಪುಟದ ನೋಟ್‌ಬುಕ್ಕಿಗೆ ಕನ್ನಡದಲ್ಲಿ ಇಳಿಸಿದೆ. ನಲ್ಲಪ್ಪನವರು ಹಿತ್ತಾಳೆಯ ತುಂಡಿನಲ್ಲಿ ಇಪ್ಪತ್ತು ಮುಖದ ದಾಳ ಕೊರೆದು, ಒಂದೊಂದು ಮುಖಕ್ಕೂ ಕನ್ನಡ ಅಂಕಿ ಹೊಡೆದರು. ಅದರ ಏಟಿಗೆ ಹನುಮಯ್ಯನವರ ಟೇಬಲ್ಲಿನಲ್ಲಿ ಎಷ್ಟು ಗುಳಿ ಬಿದ್ದವೆಂದು ಅಧ್ಯಕ್ಷರು ಈ ಹೊತ್ತಿಗೂ ಹೇಳಬಲ್ಲರು. ಹಳೆಯ ಬ್ಲೂಪ್ರಿಂಟಿನ ಬೆನ್ನ ಮೇಲೆ ಊರಿನ ನಕ್ಷೆ ಬಂತು: ಕೋಟೆ, ಕೆರೆ, ಕಮ್ಮಾರಸಾಲೆ, ಛತ್ರ, ರಾಕ್ಷಸರ ಗುಡ್ಡ. ಪ್ರೆಸ್ ಆಪರೇಟರ್ ಈಶಪ್ಪನವರಿಗೆ ಮಂತ್ರವಾದಿಯೇ ಆಗಬೇಕಿತ್ತು. “ಮನ್ಯಾಗ ನನ್ನ ಮಾತ ಯಾರೂ ಕೇಳೂದಿಲ್ರಿ, ಇಲ್ಲೆರ ಮಂತ್ರ ಹಾಕ್ತೀನಿ” ಎಂದಿದ್ದರು. ಅವರ ಶ್ರೀಮತಿಯವರು ಎರಡನೆಯ ಸಾಲಿನಲ್ಲಿದ್ದಾರೆ, ನಗುತ್ತಿದ್ದಾರೆ, ಸಮಾಧಾನ.

ಆ ಊರಿನಲ್ಲಿ ಎಲ್ಲರೂ ಇದ್ದರು. ಮಕ್ಕಳು ಮಾತ್ರ ಇರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ. ಮಕ್ಕಳಿಲ್ಲದ ಊರು ಊರೇ ಎಂದು ನಾನು ಕೇಳಿದೆ. ನಲ್ಲಪ್ಪನವರು ಹೇಳಿದ್ದು ನ್ಯಾಯವಾಗಿಯೇ ಇತ್ತು: “ರಾಕ್ಷಸ ಬಂದಾಗ ದಾಳ ಎಸೀಬೇಕಲ್ಲ ಮೇಡಂ. ಒಂದು ಮಗೀನ ಮ್ಯಾಲೆ ಬಿದ್ರೆ ಏನ್ ಮಾಡಾನ? ಬ್ಯಾಡ ಬಿಡಿ.” ನನಗೆ ಸಮಾಧಾನವಾಗಲಿಲ್ಲ. ಎರಡು ದಿನ ಯೋಚಿಸಿ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದೆ: ‘ಮಕ್ಕಳೆಲ್ಲ ಒಳಕೋಟೆಯಲ್ಲಿರುತ್ತಾರೆ. ಅದಕ್ಕೆ ಹೊರಗಿನಿಂದ ಬೀಗ. ಯಾವ ದಾಳವೂ ಅವರನ್ನು ಮುಟ್ಟುವಂತಿಲ್ಲ.’ ಆ ವಾಕ್ಯದ ಮೇಲೆ ನನಗೆ ಹೆಮ್ಮೆಯಿತ್ತು. ಎಲ್ಲರೂ ತಲೆದೂಗಿದರು.

ಆಗ ನನ್ನ ಮಗ ತುಮಕೂರಿನ ವಸತಿ ಶಾಲೆಯಲ್ಲಿದ್ದ. ಎಂಟು ವರ್ಷಕ್ಕೇ ಸೇರಿಸಿದ್ದೆವು. ಒಳ್ಳೆಯ ಶಾಲೆ, ಒಳ್ಳೆಯ ಗಾಳಿ, ಹೊತ್ತು ಹೊತ್ತಿಗೆ ಊಟ. ಈ ಬೀದಿಯ ಮೋರಿ, ಲಾರಿ, ಕಬ್ಬಿಣದ ಚೂರುಗಳ ನಡುವೆ ಮಗುವನ್ನು ಬೆಳೆಸುವುದುಂಟೇ? ಅವನು ಈಗ ದೊಡ್ಡವನಾಗಿದ್ದಾನೆ. ಮನೆಗೆ ಬಂದರೆ ಬಾಗಿಲು ತೆರೆದಿದ್ದರೂ ತಟ್ಟಿಯೇ ಒಳಗೆ ಬರುತ್ತಾನೆ. ಒಳ್ಳೆಯ ನಡವಳಿಕೆ ಕಲಿಸಿದ್ದಾರೆ. ಇರಲಿ, ಅದು ಈ ಸಭೆಗೆ ಸಂಬಂಧಪಟ್ಟದ್ದಲ್ಲ.

ನಮ್ಮ ವಠಾರದ ಪಕ್ಕದ ಕೋಣೆಯಲ್ಲಿ ಇಂಡಿ ತಾಲ್ಲೂಕಿನ ಕಡೆಯ ಮಲಕವ್ವ ಇದ್ದರು. ಗಾರ್ಮೆಂಟ್ಸ್ ಕೆಲಸ, ಶನಿವಾರ ಪೂರ್ತಿ ಶಿಫ್ಟು. ಮಗಳು ಭಾಗ್ಯಶ್ರೀ ಒಂಬತ್ತು ವರ್ಷದವಳು, ನಾಲ್ಕನೇ ತರಗತಿ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವಳು ಒಬ್ಬಳೇ ಬೀದಿಯಲ್ಲಿರಬಾರದೆಂದು, ಆ ದಿನ ಶಾಲೆಗೇ ಕಳಿಸದೆ ಕೋಣೆಯೊಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದರು. ಹಾಗೆ ಮಾಡುವ ತಾಯಂದಿರು ಆಗ ಈ ಬೀದಿಯಲ್ಲಿ ಎಷ್ಟು ಜನವಿದ್ದರು, ನಿಮಗೇ ಗೊತ್ತು. ಕಟುಕತನದಿಂದ ಹಾಕಿದ ಬೀಗವೇ ಅದು? ಭಯದಿಂದ ಹಾಕಿದ್ದು. ಬೀಗದ ಕೈ ನನ್ನ ಹತ್ತಿರ. ಒಂದು ಗಂಟೆಗೆ ತೆರೆದು, ಊಟ ಹಾಕಿ, ಮತ್ತೆ ಬೀಗ ಹಾಕಬೇಕು. “ನೀವು ಅದೀರಂತ ಧೈರ್ಯ ನೋಡ್ರಿ ಅಕ್ಕಾರ. ಇಲ್ಲಾಂದ್ರ ಇಕಿನ್ನ ಸಾಲಿ ಬಿಡಿಸಿ ಊರಿಗೆ, ಅತ್ತಿ ಕಡೆ ಕಳಿಸಿಬಿಡ್ತೀನಿ” ಎಂದು ಮಲಕವ್ವ ಮೊದಲ ದಿನವೇ ಹೇಳಿದ್ದರು. ಆ ಹುಡುಗಿಯ ಓದು ನನ್ನ ಸೆರಗಿನ ಗಂಟಿನಲ್ಲಿತ್ತು ಎಂದರೂ ತಪ್ಪಲ್ಲ.

೨೦೦೯ರ ಒಂದು ಶನಿವಾರ. ರಾಕ್ಷಸರು ಕೆರೆ ಏರಿಯವರೆಗೆ ಬಂದಿದ್ದರು. ನಾನು ನಿಯಮ ಓದಿ ಹೇಳುವವಳು ಮಾತ್ರ. ಆದರೂ ಅಂದು ಸೇನಾಪತಿಯಾಗಿದ್ದೆ. ದಾಳ ಎಸೆದೆ, ಇಪ್ಪತ್ತು ಬಿತ್ತು. ಮತ್ತೆ ಎಸೆದೆ, ಹತ್ತೊಂಬತ್ತು. ಶೆಡ್ಡು ತುಂಬ ಕೂಗು. ಸಭಿಕರೇ, ಅಷ್ಟು ಸಂತೋಷ ನನಗೆ ಆ ವರ್ಷಗಳಲ್ಲಿ ಬೇರೆಲ್ಲೂ ಸಿಕ್ಕಿರಲಿಲ್ಲ. ನೀರು ಕುಡಿಯಲು ಎದ್ದು ಗಡಿಯಾರ ನೋಡಿದಾಗ ನಾಲ್ಕು ಗಂಟೆ.

ಓಡಿದೆ. ಬೀಗದ ಕೈ ಎಷ್ಟು ತಿರುಗಿಸಿದರೂ ಬೀಗ ತೆರೆಯಲಿಲ್ಲ. “ಮ್ಯಾಲಿಂದ ಒತ್ತರಿ ಆಂಟಿ, ಅದು ಬಿಗಿ ಐತಿ” ಎಂದು ಒಳಗಿನಿಂದ ಮಾತು ಬಂತು. ಬಾಗಿಲು ತೆಗೆದರೆ ಹಿಟ್ಟಿನ ಡಬ್ಬಿಯ ಮೇಲೆ ಕುಳಿತಿದ್ದಳು. ಅತ್ತಿರಲಿಲ್ಲ. “ಇವತ್ತ ಮರತ್ರೇನ್ರಿ?” ಎಂದಳು, ಅಷ್ಟೇ. ಅವಳಿಗೆ ಊಟ ಹಾಕಿದೆ. ಮತ್ತೆ ಬೀಗ ಹಾಕಲು ನನ್ನಿಂದ ಆಗಲಿಲ್ಲ. ಕೈ ಹಿಡಿದು ಶೆಡ್ಡಿಗೆ ಕರೆತಂದೆ.

ಅವಳು ನಕ್ಷೆಯನ್ನು ಬಹಳ ಹೊತ್ತು ನೋಡಿದಳು. “ಇದರಾಗ ಹುಡುಗರು ಎಲ್ಲಿ ಅದಾರ್ರಿ?”

“ನೋಡವ್ವಾ, ಇಲ್ಲವ್ರೆ. ಒಳಕೋಟೆ. ಒರಗಿಂದ ಬೀಗ. ಏನೂ ಭಯ ಇಲ್ಲ” ಎಂದು ನಲ್ಲಪ್ಪನವರು ಬೆರಳಿಟ್ಟು ತೋರಿಸಿದರು.

“ಚಾವಿ ಯಾರ ಕಡೆ ಐತ್ರಿ?”

ಮೂರು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಈಶಪ್ಪನವರೇ ಬಾಯಿಗೆ ಬಂದದ್ದು ಹೇಳಿದರು: “ಸೇನಾಪತಿ ಕಡೆ ಇರ್ತೈತಿ ತಗೋವಾ.”

“ಸೇನಾಪತಿ ಯುದ್ಧಕ್ಕ ಹೋಗ್ಯಾರಲ್ರಿ. ಅವರು ಮರತ್ರ?”

ಆ ದಿನದ ಸೇನಾಪತಿ ನಾನೇ. ಆಗ ನಲ್ಲಪ್ಪನವರು ಮಾಡಿದ್ದೇನು ಗೊತ್ತೇ? ಹಿತ್ತಾಳೆಯ ದಾಳವನ್ನು ಅವಳ ಅಂಗೈಯಲ್ಲಿಟ್ಟರು. “ಅಂಗಾದ್ರೆ ನೀನೇ ಯೇಳು ತಾಯಿ. ಮಕ್ಕಳು ಎಲ್ಲಿರಬೇಕು?”

ಅವಳು ಯೋಚಿಸಲೇ ಇಲ್ಲ. ಊರಬಾಗಿಲ ಮೇಲೆ ಬೆರಳಿಟ್ಟಳು. “ಇಲ್ಲೆ. ಯಾರ ಬರಾಕತ್ಯಾರಂತ ಹುಡುಗರಿಗೆ ಮೊದಲ ಗೊತ್ತಾಗ್ತೈತಿ.” ಈಶಪ್ಪನವರು ನಕ್ಕರು. ಅವಳು ಅವರತ್ತ ತಿರುಗಿದಳು. “ನಗಬ್ಯಾಡ್ರಿ. ನೀವು ಎಡಗಾಲ ಚಪ್ಪಲಿ ಎಳೀತೀರಿ. ದಾಳ ಕೊಟ್ಟ ಈ ಅಜ್ಜಾರು ನಮ್ಮ ಬಾಗಲಕ್ಕ ಬಂದಾಗೊಮ್ಮೆ ಕೆಮ್ಮತಾರ. ಹನುಮಯ್ಯ ಸಾವಕಾರ್ರು ಬಂದ್ರ ನಾಯಿ ಸುಮ್ಮನಾಗ್ತಾವ.”

ಒಳಗೆ ಕುಳಿತೇ ಆ ಮಗು ಇಡೀ ಬೀದಿಯನ್ನು ಕಾಲಸಪ್ಪಳದಲ್ಲಿ ಗುರುತಿಟ್ಟಿತ್ತು. ಅಂದಿನಿಂದ ನಮ್ಮ ಆಟದ ಊರಿಗೆ ಮಕ್ಕಳು ಕಾವಲಿನವರಾದರು. ರಾಜನೇ ಬರಲಿ, ರಾಕ್ಷಸನೇ ಬರಲಿ, ಬಾಗಿಲಲ್ಲಿರುವ ಮಗುವಿಗೆ ಉತ್ತರ ಹೇಳಿಯೇ ಒಳಗೆ ಬರಬೇಕು. ಆ ಪುಟವನ್ನು ನಾನೇ ಹರಿದು ಹೊಸದಾಗಿ ಬರೆದೆ. ಮುಂದಿನ ಶನಿವಾರದಿಂದ ನಲ್ಲಪ್ಪನವರ ಜಾಗದಲ್ಲಿ ಕತೆ ಹೇಳುವವಳು ಪಿಯುಸಿ ಓದುತ್ತಿರುವ ಇದೇ ಭಾಗ್ಯಶ್ರೀ. ಆಟದೊಳಗೆ ಎಲ್ಲ ಸರಿಹೋಯಿತು. ಆದರೆ ಸಂಜೆ ಏಳಕ್ಕೆ ಮಲಕವ್ವ ಬರುತ್ತಾರಲ್ಲ? ನಾನು ಹೇಳಬೇಕಲ್ಲ?

ಅದನ್ನು ಹೇಳುವ ಮೊದಲು ವಂದನೆಗಳನ್ನು ಮುಗಿಸಿಬಿಡುತ್ತೇನೆ, ಆಮೇಲೆ ನನ್ನಿಂದಾಗದು. ಶೆಡ್ಡು ಕೊಟ್ಟ ಹನುಮಯ್ಯನವರಿಗೆ, ಇಷ್ಟು ಹೊತ್ತು ಸಹಿಸಿದ ನಿಮಗೆ, ಎಲ್ಲಕ್ಕಿಂತ ಮಿಗಿಲಾಗಿ ಓದಿದವಳ ವಾಕ್ಯವನ್ನು ಬದಿಗಿಟ್ಟು ಒಂದು ಮಗುವಿನ ಮಾತು ಕೇಳಿದ ನಲ್ಲಪ್ಪನವರಿಗೆ ನನ್ನ ಕೃತಜ್ಞತೆ, ಎರಡೂ ಕೈ ಜೋಡಿಸಿ ನಮಸ್ಕಾರ. ಮಲಕವ್ವ ಭಾನುವಾರವಾದ ಇಂದೂ ಶಿಫ್ಟಿನಲ್ಲಿದ್ದಾರೆ. ಅವರಿಗೂ ಇದು ಸಲ್ಲಬೇಕು.

ಅಂದು ಅವರು ನಮ್ಮ ಹೊಸ್ತಿಲಲ್ಲಿ ನಿಂತು, ಊಟದ ಡಬ್ಬಿಯ ಚೀಲವನ್ನೂ ಕೆಳಗಿಡದೆ, ನಾನು ಹೇಳಿದ್ದೆಲ್ಲವನ್ನೂ ಕೇಳಿದರು. ನಾಲ್ಕು ಗಂಟೆಯವರೆಗೆ ಎಂಬುದನ್ನೂ ಕೇಳಿದರು. ಆಮೇಲೆ ಕೈ ಚಾಚಿ ಬೀಗದ ಕೈ ಇಸಿದುಕೊಂಡರು. “ಇನ್ನ ನಿಮಗ ಚಾವಿ ಕೊಡೂದಿಲ್ರಿ ಅಕ್ಕಾರ” ಎಂದರು. ಶಾಲೆ ಬಿಡಿಸಿ ಊರಿಗೆ ಕಳಿಸುತ್ತಾರೆಂದೇ ತಿಳಿದೆ. ಅವರು ಮಗಳನ್ನು ನನ್ನ ಕಡೆ ತುಸು ನೂಕಿದರು.

“ಇಕಿನ್ನ ಕೊಡ್ತೀನಿ. ಚಾವಿ ಮರತ ಹೋಗ್ತೈತಿ, ಇಕಿ ಮರೀಲಾಕ ಬಿಡೂದಿಲ್ಲ.”